ತುಮಕೂರು ಸೀಮೆಯ ಹಳೇ ಮನೆ: ಕಡಿಮೆ ದುಡ್ಡಿಗೆ ಕೊಂಡು, ಕಡಿಮೆ ದುಡ್ಡಿನಲ್ಲೇ ವಾಸಕ್ಕೆ ತರುವುದು ಹೇಗೆ?

ತುರುವೇಕೆರೆ, ಗುಬ್ಬಿ, ಕುಣಿಗಲ್ ಕಡೆ ಯಾವ ಹಳ್ಳಿಗೆ ಹೋದರೂ ಬೀಗ ಜಡಿದ ನಾಲ್ಕಾರು ಹಳೇ ಮನೆಗಳು ಕಣ್ಣಿಗೆ ಬೀಳುತ್ತವೆ. ಮಕ್ಕಳು ಬೆಂಗಳೂರು ಸೇರಿದರು, ಹಿರಿಯರು ತೀರಿಕೊಂಡರು, ಮನೆ ಹಾಗೇ ಉಳಿಯಿತು. ಇಂಥ ಮನೆ ಮಾರಾಟಕ್ಕೆ ಬಂದರೆ ಬೆಲೆ ಕಟ್ಟುವುದು ಜಾಗಕ್ಕೆ ಮಾತ್ರ. ಮೇಲಿರುವ ಗೋಡೆ, ತೊಲೆ, ಹೆಂಚು ಯಾವ ಲೆಕ್ಕಕ್ಕೂ ಇಲ್ಲ. "ಕೆಡವಿ ಆರ್‌ಸಿಸಿ ಹಾಕ್ಸಿಬಿಡಿ" ಅನ್ನುವವರೇ ಸುತ್ತಲೂ ಇರುತ್ತಾರೆ. ಹಾಗೆ ಕೆಡವಿ ಕಟ್ಟುವಷ್ಟು ದುಡ್ಡು ಇಲ್ಲದವರಿಗೆ, ಇದ್ದರೂ ಒಂದೂವರೆ ಅಡಿ ದಪ್ಪದ ತಣ್ಣನೆಯ ಗೋಡೆಯನ್ನು ಮಣ್ಣುಪಾಲು ಮಾಡಲು ಮನಸ್ಸು ಬಾರದವರಿಗೆ ಇದನ್ನು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಣ್ಣಿನ ಮನೆ ಬೀಳುವುದು ನೀರಿನಿಂದ. ಮಾಡಿನಿಂದ, ಅಂದರೆ ಛಾವಣಿಯಿಂದ, ಸೋರುವ ನೀರು, ಸೂರಿನಿಂದ ಬಿದ್ದು ಗೋಡೆಗೆ ಎರಚುವ ನೀರು, ನೆಲದಿಂದ ಮೇಲೇರುವ ತೇವ. ಕೈಯಲ್ಲಿರುವ ದುಡ್ಡನ್ನು ಇದೇ ಕ್ರಮದಲ್ಲಿ ಖರ್ಚು ಮಾಡಿ. ಟೈಲ್ಸು, ಬಣ್ಣ, ಮಾಡ್ಯುಲರ್ ಅಡುಗೆಮನೆ ಎಲ್ಲ ಆಮೇಲಿನ ಮಾತು.

ಕೊಳ್ಳುವ ಮುಂಚೆ ಮನೆ ನೋಡುವುದು

ನಮ್ಮ ಜಿಲ್ಲೆಯಲ್ಲಿ ಜಾಸ್ತಿ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದಷ್ಟೂ ಉತ್ತರೆ, ಹಸ್ತ ಮಳೆಯ ದಿನಗಳಲ್ಲೇ ಮನೆ ನೋಡಲು ಹೋಗಿ. ಬೇಸಿಗೆಯಲ್ಲಿ ಎಲ್ಲ ಮನೆಯೂ ಒಣಗಿ ಚೆನ್ನಾಗಿಯೇ ಕಾಣುತ್ತದೆ. ಮಳೆಗಾಲದಲ್ಲಿ ಮಾತ್ರ ನೀರು ಎಲ್ಲಿ ಸೋರುತ್ತದೆ, ಎಲ್ಲಿ ನಿಲ್ಲುತ್ತದೆ, ಗೋಡೆ ಎಷ್ಟು ಎತ್ತರದವರೆಗೆ ನೆನೆದಿದೆ ಅನ್ನುವುದು ಗೊತ್ತಾಗುತ್ತದೆ.

ಕೈಯಲ್ಲಿ ಟಾರ್ಚು, ಒಂದು ಸ್ಕ್ರೂಡ್ರೈವರ್, ಮೇಸ್ತ್ರಿಗಳ ತೂಗುಗುಂಡು ಇರಲಿ. ತೂಗುಗುಂಡನ್ನು ಗೋಡೆಯ ನೆತ್ತಿಯಿಂದ ಇಳಿಬಿಟ್ಟು ನೋಡಿ. ಒಂಬತ್ತು ಅಡಿಯ ಗೋಡೆ ಒಂದು ಇಂಚಿನೊಳಗೆ ವಾಲಿದ್ದರೆ ನಾನು ಚಿಂತೆ ಮಾಡುವುದಿಲ್ಲ. ಮೂರು ಇಂಚು ದಾಟಿದ್ದರೆ, ಅಥವಾ ಗೋಡೆ ಮಧ್ಯದಲ್ಲಿ ಹೊಟ್ಟೆ ಬಿಟ್ಟಿದ್ದರೆ, ಆ ಗೋಡೆಯನ್ನು ಕೆಡವಿ ಕಟ್ಟಲೇಬೇಕು ಅಂತ ಲೆಕ್ಕ ಹಾಕಿಕೊಳ್ಳಿ. ಅಂಥ ಗೋಡೆ ಎರಡಿದ್ದರೆ ಆ ಮನೆ ಬಿಡಿ. ಬೆಲೆ ಎಷ್ಟು ಕಡಿಮೆ ಇದ್ದರೂ ಬೇಡ.

ಬಿರುಕು ಕಂಡ ಕೂಡಲೇ ಹೆದರಬೇಡಿ. ಹಳೇ ಬಿರುಕಿನೊಳಗೆ ಧೂಳು, ಜೇಡರ ಬಲೆ, ಹಿಂದೆ ಬಳಿದ ಸುಣ್ಣ ಇರುತ್ತದೆ. ಅಂದರೆ ಅದು ಯಾವತ್ತೋ ಆಗಿ ನಿಂತದ್ದು. ಅಂಚು ಚೂಪಾಗಿ, ಒಳಗಿನ ಮಣ್ಣು ಹೊಸದಾಗಿ ಕಂಡರೆ ಅದು ಇನ್ನೂ ಬೆಳೆಯುತ್ತಿದೆ. ಮೇಲೆ ಅಗಲ, ಕೆಳಗೆ ಕಿರಿದಾಗಿ ಓರೆಯಾಗಿ ಹೋದ ಬಿರುಕು ಇದ್ದರೆ ಗೋಡೆಯ ಒಂದು ಕಡೆ ಪಾಯ ಕುಸಿಯುತ್ತಿದೆ ಅನ್ನುವ ಅನುಮಾನ ಇಟ್ಟುಕೊಳ್ಳಿ. ಹೆಚ್ಚಿನ ಸಲ ಅಲ್ಲೇ ಪಕ್ಕದಲ್ಲಿ ಬಚ್ಚಲ ನೀರು ಹೋಗುವ ಕಾಲುವೆಯೋ ಒಡೆದ ನಲ್ಲಿ ಪೈಪೋ ಇರುತ್ತದೆ.

ತೊಲೆ, ಜಂತೆಗಳ ಮಧ್ಯಭಾಗ ನೋಡಿ ಸುಮ್ನಾಗಬೇಡಿ. ಅವು ಮೊದಲು ಕೊಳೆಯುವುದು ಗೋಡೆಯೊಳಗೆ ಹೂತಿರುವ ತುದಿಯಲ್ಲಿ. ಏಣಿ ಹಾಕಿ ಹತ್ತಿ, ಗೋಡೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಒತ್ತಿ. ಅರ್ಧ ಇಂಚು ಸಲೀಸಾಗಿ ಒಳಗೆ ಹೋದರೆ ಆ ತುದಿ ಹೋಗಿದೆ. ತೆಂಗಿನ ಮರದ ಜಂತೆಯಾದರೆ ಇನ್ನೂ ಹುಷಾರು. ಬಲಿತ ತೆಂಗಿನ ಮರದ ಹೊರಭಾಗ ಕಬ್ಬಿಣದ ಹಾಗೆ ಗಟ್ಟಿ, ಒಳತಿರುಳು ಮೆತ್ತಗೆ. ತಿರುಳು ಸೇರಿಸಿ ಸೀಳಿದ ಜಂತೆಯನ್ನು ಹುಳ ಬೇಗ ತಿನ್ನುತ್ತದೆ. ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತಲೂ ನೋಡಿಕೊಳ್ಳಿ.

ಹೊರಗೆ ಬಂದು ರಸ್ತೆ ನೋಡಿ. ಇದನ್ನು ಬಹಳ ಜನ ನೋಡುವುದಿಲ್ಲ. ಹಳ್ಳಿಗಳಲ್ಲಿ ಸಿಸಿ ರಸ್ತೆಯ ಮೇಲೆ ಮತ್ತೆ ಸಿಸಿ ರಸ್ತೆ ಹಾಕಿ ಹಾಕಿ, ಒಂದು ಕಾಲಕ್ಕೆ ಎರಡು ಮೆಟ್ಟಿಲು ಎತ್ತರದಲ್ಲಿದ್ದ ಮನೆ ಈಗ ರಸ್ತೆಗಿಂತ ಕೆಳಗಿರುತ್ತದೆ. ಬೀದಿಯ ನೀರೆಲ್ಲ ಹೊಸಿಲಿಗೆ ಬರುತ್ತದೆ. ಇದಕ್ಕೆ ಪರಿಹಾರ ಇದೆ, ಆದರೆ ಅದಕ್ಕೂ ದುಡ್ಡು ಎತ್ತಿಡಬೇಕು.

ಕಾಗದಪತ್ರ

ಮನೆ ಅಗ್ಗ ಅಂತ ಕಾಗದ ನೋಡುವುದರಲ್ಲಿ ಸಡಿಲ ಬಿಡಬೇಡಿ. ಹಳೇ ಮನೆಗಳು ಅಗ್ಗವಾಗಲು ಅರ್ಧ ಕಾರಣವೇ ಕಾಗದದ ಗೋಜಲು.

ಮನೆ ಗ್ರಾಮಠಾಣದೊಳಗೆ, ಅಂದರೆ ಊರಿನ ವಾಸದ ಜಾಗದೊಳಗೆ, ಇದೆಯೇ ಅಂತ ಪಂಚಾಯಿತಿಯಲ್ಲಿ ಕೇಳಿ. ಇ-ಸ್ವತ್ತು ಖಾತೆ, ಅಂದರೆ ಪಂಚಾಯಿತಿಯ ಕಂಪ್ಯೂಟರ್ ಆಸ್ತಿ ದಾಖಲೆ, ಮಾರುವವರ ಹೆಸರಿನಲ್ಲೇ ಇರಬೇಕು. ತಾತನ ಹೆಸರಿನಲ್ಲೇ ಉಳಿದಿದ್ದರೆ ಮೊದಲು ಅವರು ಪೌತಿ ಖಾತೆ ಮಾಡಿಸಿಕೊಳ್ಳಲಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಲಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ. ಋಣಭಾರ ಪತ್ರವನ್ನು, ಅಂದರೆ ಇಸಿಯನ್ನು, ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ತೆಗೆಸಿ. ತೀರಾ ಹಳೆಯ ವರ್ಷಗಳದ್ದು ಬೇಕಾದರೆ ಉಪನೋಂದಣಿ ಕಚೇರಿಗೆ ಹೋಗಿ ಅರ್ಜಿ ಕೊಡಿ.

ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷ ಕೇಳಿ ಪಡೆಯಿರಿ. ಅದರಲ್ಲಿರುವ ಹಕ್ಕುದಾರರೆಲ್ಲ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ದೇಶಕ್ಕೆಲ್ಲ ಹೇಳಿತು. ಕರ್ನಾಟಕದಲ್ಲಿ 1994ರಲ್ಲೇ ಅಂಥ ಕಾನೂನು ಜಾರಿಗೆ ಬಂದಿತ್ತು. "ಅಕ್ಕಂದಿರು ಏನೂ ಕೇಳಲ್ಲ ಬಿಡಿ" ಅನ್ನುವ ಮಾತನ್ನು ನಂಬಿ ದುಡ್ಡು ಕೊಟ್ಟರೆ ಮುಂದೆ ಕೋರ್ಟು ಅಲೆಯುವುದು ನೀವೇ. ಸರ್ಕಾರ ಕೊಟ್ಟ ಮನೆ ಅಥವಾ ನಿವೇಶನವಾದರೆ ಹಕ್ಕುಪತ್ರದಲ್ಲಿ ಮಾರಾಟದ ಬಗ್ಗೆ ಇರುವ ಷರತ್ತನ್ನು ಒಬ್ಬ ವಕೀಲರಿಗೆ ತೋರಿಸಿ.

ಇನ್ನೆರಡು ವಿಷಯವನ್ನು ಪಕ್ಕದ ಮನೆಯವರ ಎದುರಿಗೇ ಮಾತಾಡಿ ಬರೆಸಿಕೊಳ್ಳಿ. ಒಂದು, ಎರಡು ಮನೆಗೂ ಸೇರಿದ ಗೋಡೆ ಯಾವುದು? ಇನ್ನೊಂದು, ನಿಮ್ಮ ಸೂರಿನ ನೀರು ಯಾರ ಜಾಗಕ್ಕೆ ಬೀಳುತ್ತದೆ? ಹಳ್ಳಿಯಲ್ಲಿ ಸೂರಿನ ನೀರಿಗೆ ಆಗುವ ಜಗಳ ತಲೆಮಾರುಗಟ್ಟಲೆ ನಡೆಯುತ್ತದೆ.

ದುಡ್ಡಿನ ಹಂಚಿಕೆ

ಕೂಲಿ, ಸಾಮಾನಿನ ರೇಟು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಅದಕ್ಕೇ ನೂರು ರೂಪಾಯಿಗೆ ಇಷ್ಟು ಅಂತ ಹೇಳುತ್ತೇನೆ. ಮಾಡಿಗೆ 35, ಗೋಡೆ ಮತ್ತು ಗೋಡೆಯ ಬುಡಕ್ಕೆ 15, ಶೌಚಾಲಯ, ಬಚ್ಚಲು, ನೀರಿಗೆ 17, ಕರೆಂಟಿಗೆ 10, ನೆಲ, ಬಾಗಿಲು, ಕಿಟಕಿಗೆ 8. ಉಳಿದ 15 ರೂಪಾಯಿಯನ್ನು ಮುಟ್ಟಬೇಡಿ. ಹಳೇ ಮನೆಯಲ್ಲಿ ಒಂದು ಹೆಂಚು ತೆಗೆದರೆ ಅದರ ಕೆಳಗೆ ಇನ್ನೇನೋ ಕಾದಿರುತ್ತದೆ. ಆ ಹದಿನೈದು ಅದಕ್ಕೇ ಹೋಗುತ್ತದೆ.

ಒಂದೇ ವರ್ಷದಲ್ಲಿ ಎಲ್ಲ ಮುಗಿಸಬೇಕು ಅಂತ ಸಾಲ ಮಾಡಬೇಡಿ. ಮಾಡು, ಗೋಡೆಯ ಬುಡ, ಶೌಚಾಲಯ, ಕರೆಂಟು ಇಷ್ಟಾದರೆ ಮನೆಯಲ್ಲಿ ವಾಸ ಮಾಡಬಹುದು. ಬಾಡಿಗೆ ಉಳಿಯುತ್ತದೆ, ಆ ದುಡ್ಡಿನಲ್ಲಿ ಉಳಿದದ್ದು ಮಾಡಬಹುದು. ಮನೆಯೊಳಗೆ ಒಂದು ಮಳೆಗಾಲ ಕಳೆದವರಿಗೆ ಯಾವುದು ನಿಜವಾಗಿ ಬೇಕು, ಯಾವುದು ಬೇಡ ಅನ್ನುವುದೂ ಚೆನ್ನಾಗಿ ತಿಳಿಯುತ್ತದೆ.

ಮಾಡಿನ ಕೆಲಸ ಸಂಕ್ರಾಂತಿ ಕಳೆದ ಮೇಲೆ ಶುರುವಾಗಲಿ. ರಾಗಿ ಕಣದ ಕೆಲಸ ಮುಗಿದು ಆಳುಗಳು ಸಿಗುವ ಹೊತ್ತು ಅದು. ಭರಣಿ ಮಳೆಗೆ ಮುಂಚೆ, ಅಂದರೆ ಏಪ್ರಿಲ್ ಕೊನೆಯೊಳಗೆ, ಹೆಂಚು ಕೂತಿರಬೇಕು.

ಖಾಲಿ ಮಾಡುವುದು, ಆನಿಸುವುದು

ವರ್ಷಗಟ್ಟಲೆ ಮುಚ್ಚಿದ ಮನೆಯಲ್ಲಿ ಚೇಳು, ಹಾವು ಇದ್ದೇ ಇರುತ್ತವೆ ಅಂದುಕೊಂಡೇ ಒಳಗೆ ಹೋಗಿ. ಗಂಬೂಟು, ದಪ್ಪ ಕೈಗವಸು ಬೇಕು. ಬಾಗಿಲು ಕಿಟಕಿ ಎರಡು ದಿನ ತೆರೆದಿಟ್ಟು ಆಮೇಲೆ ಕೆಲಸ ಶುರು ಮಾಡಿ.

ಏನನ್ನೂ ಎಸೆಯಬೇಡಿ. ಹಳೇ ಬಾಗಿಲ ಚೌಕಟ್ಟು, ಮುರಿದ ತೊಲೆಯ ಗಟ್ಟಿ ಭಾಗ, ಒಡೆದ ಹೆಂಚು, ಕಲ್ಲುಚೂರು ಎಲ್ಲಕ್ಕೂ ಕೆಲಸ ಇದೆ. ಒಡೆದ ಹೆಂಚನ್ನು ನೆಲದ ಅಡಿಗೆ ತುಂಬಬಹುದು. ಕೆಡವಿದ ಗೋಡೆಯ ಮಣ್ಣನ್ನೇ ನೆನೆಸಿ ಹೊಸ ಗೋಡೆಗೆ ಬಳಸಬಹುದು. ಮಣ್ಣಿನ ಮನೆಯ ದೊಡ್ಡ ಉಪಕಾರ ಇದು. ಗೆದ್ದಲು ಹಿಡಿದ ಮಣ್ಣು ಮಾತ್ರ ಬೇಡ.

ಮಾಡಿಗೆ ಕೈ ಹಾಕುವ ಮುಂಚೆ ತೊಲೆಗಳಿಗೆ ಕೆಳಗಿನಿಂದ ಗಳ ಆನಿಸಿ. ನೀಲಗಿರಿ ಅಥವಾ ಸರ್ವೆ ಗಳ ಸೆಂಟ್ರಿಂಗ್ ಸಾಮಾನು ಕೊಡುವವರ ಹತ್ತಿರ ಬಾಡಿಗೆಗೆ ಸಿಗುತ್ತದೆ. ಗಳದ ಕೆಳಗೊಂದು ಹಲಗೆ, ಮೇಲೊಂದು ಹಲಗೆ ಇರಲಿ. ಇಲ್ಲದಿದ್ದರೆ ಗಳ ಮಣ್ಣಿನ ನೆಲದಲ್ಲಿ ಹೂತುಹೋಗುತ್ತದೆ. ಒಂದೇ ಸಲಕ್ಕೆ ಇಡೀ ಮಾಡು ಬಿಚ್ಚಬೇಡಿ. ಗೋಡೆಯ ತಲೆ ಬಯಲಾಗಿರುವಾಗ ಒಂದು ಅಡ್ಡಮಳೆ ಬಂದರೆ ಸಾಕು, ನೂರು ವರ್ಷ ನಿಂತ ಗೋಡೆ ಕರಗುತ್ತದೆ. ಟಾರ್ಪಾಲು ಕೆಲಸದ ಜಾಗದಲ್ಲೇ ಇರಲಿ.

ಮಾಡು

ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ, ಹೊತ್ತು ಉಳಿಸಲೂ ಹೋಗಬೇಡಿ. ನಮ್ಮ ಜಿಲ್ಲೆಯಲ್ಲಿ ಮೂರು ಬಗೆಯ ಮಾಡು ಹೆಚ್ಚಾಗಿ ಸಿಗುತ್ತದೆ. ದಕ್ಷಿಣದ ತೋಟದ ಸೀಮೆಯಲ್ಲಿ ಹೆಂಚು, ಶಿರಾ, ಪಾವಗಡದ ಕಡೆ ಮಣ್ಣಿನ ಮಾಳಿಗೆ (ತೊಲೆ, ಜಂತೆಯ ಮೇಲೆ ಮಣ್ಣು ಹಾಸಿದ ಮಟ್ಟಸವಾದ ಮಾಡು), ಮಧುಗಿರಿ, ಕೊರಟಗೆರೆಯ ಕಲ್ಲಿನ ಸೀಮೆಯಲ್ಲಿ ಕಲ್ಲುಚಪ್ಪಡಿ.

ಹೆಂಚಿನ ಮಾಡಾದರೆ ಎಲ್ಲ ಹೆಂಚನ್ನೂ ಇಳಿಸಿ, ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಅಂದರೆ ಗಟ್ಟಿ, ಮಂಕಾಗಿ ಸದ್ದು ಬಂದರೆ ಒಳಗೆ ಬಿರುಕಿದೆ. ಪಾಚಿಯನ್ನು ತೆಂಗಿನ ಪೊರಕೆ ಮತ್ತು ನೀರಿನಿಂದ ಉಜ್ಜಿ, ಒಣಗಿಸಿ ಪೇರಿಸಿಡಿ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕು, 100 ಚದರಡಿಗೆ 140. 400 ಚದರಡಿಯ ಮನೆಗೆ ಇಳಿಜಾರು, ಸೂರು ಸೇರಿ ಮಾಡು 550 ಚದರಡಿ ಆಗಬಹುದು, ಅಂದರೆ ಸುಮಾರು 770 ಹೆಂಚು. ನಿಮ್ಮಲ್ಲಿ ಎಷ್ಟು ಉಳಿದಿದೆಯೋ ಎಣಿಸಿ, ಕಡಿಮೆ ಬಿದ್ದದ್ದಕ್ಕೆ ಹಳೇ ಹೆಂಚನ್ನೇ ಹುಡುಕಿ. ಮನೆ ಕೆಡವುವವರು ಕಡಿಮೆ ರೇಟಿಗೆ ಕೊಡುತ್ತಾರೆ. ಆದರೆ ಹೆಂಚಿನ ಬೆನ್ನ ಮೇಲಿನ ಕಾರ್ಖಾನೆಯ ಗುರುತು ನೋಡಿ ತನ್ನಿ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಅಂಚಿನ ತೋಡಿಗೆ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ. ಎರಡು ಬಗೆ ತರಲೇಬೇಕಾದರೆ ಮಾಡಿನ ಒಂದು ಇಳಿಜಾರಿಗೆ ಒಂದು ಬಗೆ ಹಾಕಿ.

ಹೆಂಚು ಇಳಿಸಿದಾಗ ಜಂತೆಗಳು ಪೂರ್ತಿ ಕಣ್ಣಿಗೆ ಬೀಳುತ್ತವೆ. ತುದಿ ಮಾತ್ರ ಕೊಳೆತ ಜಂತೆಯನ್ನು ಬಿಸಾಡಬೇಕಾಗಿಲ್ಲ. ಕೊಳೆತದ್ದನ್ನು ಕತ್ತರಿಸಿ, ಎರಡೂ ಪಕ್ಕಕ್ಕೆ ಗಟ್ಟಿ ಹಲಗೆ ಕೊಟ್ಟು, ಆರಪಾರ ಬೋಲ್ಟು ಹಾಕಿ ಬಿಗಿಸಬಹುದು. ಹಲಗೆ ಗಟ್ಟಿ ಮರದ ಮೇಲೆ ಕನಿಷ್ಠ ಎರಡಡಿ ಹಿಂದಕ್ಕೆ ಬರಬೇಕು. ಗೋಡೆ ಸೇರುವ ತುದಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿಯಿರಿ. ಅದು ಚರ್ಮ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ತುದಿಯ ಸುತ್ತ ಅರ್ಧ ಇಂಚು ಜಾಗ ಬಿಟ್ಟು ಗೋಡೆ ಮುಚ್ಚಿ, ಗಾಳಿ ಆಡಿದರೆ ಮರ ಒಣಗಿರುತ್ತದೆ. ರೀಪರ್, ಅಂದರೆ ಹೆಂಚು ಕೂರುವ ಅಡ್ಡಪಟ್ಟಿ, ಮಾತ್ರ ಹೊಸದೇ ಹಾಕಿಸಿ. ಹಳೇ ಮಾಡಿನಲ್ಲಿ ಅಡಿಕೆ ದಬ್ಬೆಯ ರೀಪರ್ ಇದ್ದು, ತೋಟದವರು ಬಲಿತ ದಬ್ಬೆ ಕೊಡುವುದಾದರೆ ಅದನ್ನೇ ಮತ್ತೆ ಬಳಸಬಹುದು.

ಇಳಿಜಾರು ಎಷ್ಟಿದೆ ಅಂತ ಅಳೆಯಿರಿ. ಹತ್ತು ಅಡಿ ಅಡ್ಡಕ್ಕೆ ಐದರಿಂದ ಆರು ಅಡಿ ಏರು ಇದ್ದರೆ ನೀರು ಸರಾಗವಾಗಿ ಇಳಿಯುತ್ತದೆ. ಸೂರು ಗೋಡೆಯಿಂದ ಎರಡಡಿ ಆಚೆ ಚಾಚಲಿ. ಇಕ್ಕಟ್ಟಿನ ಜಾಗವಾದರೆ ಒಂದೂವರೆ ಅಡಿಯಾದರೂ ಇರಲಿ. ನೆತ್ತಿಯ ಹೆಂಚನ್ನು ಕೂರಿಸಲು ಬರೀ ಸಿಮೆಂಟ್ ಗಾರೆ ಹಾಕಿದರೆ ಬಿಸಿಲಿಗೆ ಬಿರಿಯುತ್ತದೆ. ಸುಣ್ಣ ಬೆರೆಸಿದ ಗಾರೆ ಹಾಕಿಸಿ. ಒಳಗೆ ಕತ್ತಲೆ ಇರುವ ಕೋಣೆಗೆ ಒಂದೆರಡು ಗಾಜಿನ ಹೆಂಚು ಹಾಕಿಸಿಬಿಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸಂತೋಷ ಕೊಡುವ ವಸ್ತು ಹಳೇ ಮನೆಯಲ್ಲಿ ಇನ್ನೊಂದಿಲ್ಲ.

ಮಾಳಿಗೆ ಮನೆಯ ರೋಗವೇ ಬೇರೆ. ಸೋರಿದಾಗಲೆಲ್ಲ ಮೇಲೆ ಇನ್ನಷ್ಟು ಮಣ್ಣು ಹಾಕುತ್ತಾ ಬಂದಿರುತ್ತಾರೆ. ಅದರ ತೂಕ ಲೆಕ್ಕ ಹಾಕಿ ನೋಡಿ. 100 ಚದರಡಿಯ ಮೇಲೆ ಒಂದು ಇಂಚು ಒದ್ದೆ ಮಣ್ಣು ಅಂದರೆ 400 ಕೆ.ಜಿ.ಗಿಂತ ಜಾಸ್ತಿ. 400 ಚದರಡಿಯ ಮಾಳಿಗೆಗೆ ನಾಲ್ಕು ಇಂಚು ಹೆಚ್ಚುವರಿ ಮಣ್ಣು ಸೇರಿದ್ದರೆ ಆರೇಳು ಟನ್ ಭಾರ ಆ ತೊಲೆಗಳ ಮೇಲಿದೆ. ಹಾಗಾಗಿ ಮೊದಲು ಮಾಡುವ ಕೆಲಸ ಹೊರೆ ಇಳಿಸುವುದು. ತೊಲೆಗೆ ಆನಿಕೆ ಕೊಟ್ಟು, ಎರಡೂ ಕಡೆಯಿಂದ ಸಮವಾಗಿ, ಮೇಲಿನ ಮಣ್ಣನ್ನು ಬಾಂಡ್ಲಿಯಲ್ಲಿ ಇಳಿಸಿ. ಬಿದ್ದ ಜಂತೆ, ಸಣ್ಣ ಕಡ್ಡಿ ಬದಲಾಯಿಸಿ, ಆಮೇಲೆ ತೆಳುವಾಗಿ ಮಣ್ಣು ಹಾಸಿ ದಮ್ಮಸು ಮಾಡಿ. ಮೇಲಿನ ಪದರಕ್ಕೆ ಆ ಕಡೆಯವರು ಚೌಳು ಮಣ್ಣು ಹಾಕುತ್ತಾರೆ. ನೆನೆದ ಕೂಡಲೇ ಅದು ಬಿಗಿದು ಮುಚ್ಚಿಕೊಳ್ಳುತ್ತದೆ, ನೀರನ್ನು ಕೆಳಗೆ ಬಿಡುವುದಿಲ್ಲ. ಆ ಊರಿನ ಹಿರಿಯರನ್ನು ಕೇಳಿದರೆ ಯಾವ ಹಳ್ಳದ ಬದಿಯ ಮಣ್ಣು ಆಗುತ್ತದೆ ಅಂತ ತೋರಿಸುತ್ತಾರೆ. ನೀರು ಹೋಗುವ ದೋಣಿಯ ಕಡೆಗೆ ಇಳಿಜಾರು ಕೊಡಿ. ದೋಣಿಯ ಬಾಯಿ ಗೋಡೆಯಿಂದ ಒಂದಡಿ ಆಚೆಗಿರಲಿ.

ಕಲ್ಲುಚಪ್ಪಡಿಯ ಮಾಡು ನೋಡಲು ಗಟ್ಟಿಮುಟ್ಟು. ನೀರು ಇಳಿಯುವುದು ಚಪ್ಪಡಿಗಳ ಸಂದಿಯಿಂದ. ಸಂದಿಯ ಹಳೇ ಗಾರೆಯನ್ನು ಒಂದೂವರೆ ಇಂಚು ಆಳಕ್ಕೆ ಕೆರೆದು, ತೊಳೆದು, ಹೊಸ ಗಾರೆ ತುಂಬಿ ಒಂದು ವಾರ ನೀರು ಹಾಕಿದರೆ ಹೆಚ್ಚಿನ ಸೋರಿಕೆ ನಿಲ್ಲುತ್ತದೆ. ಆದರೆ ಚಪ್ಪಡಿಯೇ ಅಡ್ಡಕ್ಕೆ ಬಿರಿದಿದ್ದರೆ ಗಾರೆ ಮೆತ್ತಿ ಮುಚ್ಚುವ ಕೆಲಸ ಮಾಡಬೇಡಿ. ಆರಡಿ ಉದ್ದ, ಎರಡಡಿ ಅಗಲ, ನಾಲ್ಕು ಇಂಚು ದಪ್ಪದ ಚಪ್ಪಡಿ ಸುಮಾರು 300 ಕೆ.ಜಿ. ತೂಗುತ್ತದೆ. ಅದರ ಕೆಳಗೆ ಮಕ್ಕಳು ಮಲಗುತ್ತಾರೆ ಅಲ್ವಾ? ಬಿರುಕಿನ ಕೆಳಗೆ ಎರಡು ಗೋಡೆಗೂ ಕೂರುವ ಹಾಗೆ ಕಬ್ಬಿಣದ ತೊಲೆ ಕೊಡಿಸಿ, ಇಲ್ಲವೇ ಕಲ್ಲುಕಂಬ ನಿಲ್ಲಿಸಿ. ಎಷ್ಟು ದಪ್ಪದ ತೊಲೆ ಬೇಕು ಅಂತ ಒಬ್ಬ ಎಂಜಿನಿಯರ್‌ಗೆ ತೋರಿಸಿಯೇ ತೀರ್ಮಾನ ಮಾಡಿ.

ಯಾವ ಮಾಡನ್ನೂ ಕಿತ್ತು ತಗಡಿನ ಶೀಟು ಹಾಕಬೇಡಿ ಅನ್ನುವುದು ನನ್ನ ಕಳಕಳಿ. ಮೊದಲಿಗೆ ಖರ್ಚು ಕಡಿಮೆ ಅನ್ನಿಸುತ್ತದೆ. ಏಪ್ರಿಲ್ ಮಧ್ಯಾಹ್ನ ಆ ಮನೆಯಲ್ಲಿ ಕೂರಲು ಆಗುವುದಿಲ್ಲ, ಮಳೆ ಬಂದರೆ ಮಾತು ಕೇಳಿಸುವುದಿಲ್ಲ. ಸಿಮೆಂಟ್ ಶೀಟು ಇದ್ದು ಅದು ಕಲ್ನಾರಿನದಾದರೆ ಕತ್ತರಿಸಬೇಡಿ, ಒಡೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಗೋಡೆಯ ಬುಡ, ಆಮೇಲೆ ಗೋಡೆ

ಮಾಡು ಮುಗಿದ ಮೇಲೆ ಕೆಳಗೆ ಬನ್ನಿ. ಮನೆಯ ಸುತ್ತ ಗೋಡೆಗೆ ಒರಗಿ ಕೂತಿರುವ ಮಣ್ಣು, ಕಸ, ಕಟ್ಟಿಗೆ ಎಲ್ಲ ತೆಗೆದು ಪಾಯದ ಕಲ್ಲು ಕಾಣುವ ಹಾಗೆ ಮಾಡಿ. ಎರಡೂವರೆ ಅಡಿ ಅಗಲಕ್ಕೆ ಹೊರಗೆ ಇಳಿಜಾರಾಗಿ ಕಲ್ಲುಹಾಸು ಹಾಕಿಸಿ. ಅದರಾಚೆ ಒಂದು ಸಣ್ಣ ಕಾಲುವೆ. ರಸ್ತೆ ಮನೆಗಿಂತ ಎತ್ತರ ಇದ್ದರೆ ಹೊಸಿಲಿನ ಮುಂದೆ ಅಡ್ಡಕ್ಕೆ ಜಾಲರಿ ಮುಚ್ಚಿದ ಕಾಲುವೆ ಮಾಡಿಸಿ, ನೀರನ್ನು ಪಕ್ಕಕ್ಕೆ ತಿರುಗಿಸಿ. ಸೂರಿಗೆ ದೋಣಿ ಕಟ್ಟಲು ಹೊಸ ಗಟರ್ ಕೊಳ್ಳಬೇಕಾಗಿಲ್ಲ. ಆರಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಎರಡು ದೋಣಿ ಆಗುತ್ತದೆ.

ಈಗ ಗೋಡೆ. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರಿಂಗ್ ಮಾಡಿಸಬೇಡಿ. ಮೇಸ್ತ್ರಿ ಗಟ್ಟಿ ಆಗುತ್ತೆ ಅಂತ ಹೇಳುತ್ತಾರೆ, ನೆಂಟರು ಚೆಂದ ಕಾಣುತ್ತೆ ಅನ್ನುತ್ತಾರೆ. ಮಣ್ಣಿನ ಗೋಡೆ ನೆಲದ ತೇವವನ್ನು ಎಳೆದುಕೊಂಡು ಗಾಳಿಗೆ ಬಿಡುತ್ತಾ ಇರುತ್ತದೆ. ಅದಕ್ಕೆ ಸಿಮೆಂಟ್ ಹಚ್ಚುವುದು ಬೇಸಿಗೆಯಲ್ಲಿ ರೈನ್‌ಕೋಟು ಹಾಕಿಕೊಂಡು ಗದ್ದೆ ಕೆಲಸ ಮಾಡಿದ ಹಾಗೆ, ಒಳಗೆಲ್ಲ ಒದ್ದೆ. ಕೆಲವೇ ವರ್ಷಕ್ಕೆ ಸಿಮೆಂಟ್ ಹಾಳೆಹಾಳೆಯಾಗಿ ಬಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಹಿಂದಿನ ಮಣ್ಣು ಮೆತ್ತಗಾಗಿರುತ್ತದೆ. ಹಿಂದಿನವರು ಹಚ್ಚಿದ ಸಿಮೆಂಟ್ ಟೊಳ್ಳಾಗಿ ಸದ್ದು ಮಾಡಿದರೆ ಅಲ್ಲೆಲ್ಲ ಕಿತ್ತು, ಗೋಡೆಯನ್ನು ಒಂದು ಬೇಸಿಗೆ ಒಣಗಲು ಬಿಡಿ.

ಮೆತ್ತುವುದಕ್ಕೆ ಮಣ್ಣೇ ಸಾಕು. ಯಾವ ಮಣ್ಣು ಅಂತ ತಿಳಿಯಲು ಒಂದು ಗಾಜಿನ ಸೀಸೆಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಕೆಳಗೆ ಮರಳು, ನಡುವೆ ನಯವಾದ ಗೋಡು, ಮೇಲೆ ಜೇಡಿ ನಿಲ್ಲುತ್ತದೆ. ಜೇಡಿ ಐದನೇ ಒಂದು ಭಾಗದ ಆಸುಪಾಸು ಇದ್ದರೆ ಮೆತ್ತಲು ಚೆನ್ನಾಗಿರುತ್ತದೆ. ಜಾಸ್ತಿ ಇದ್ದರೆ ಮರಳು ಬೆರೆಸಿ. ಜರಡಿ ಹಿಡಿದ ಮಣ್ಣಿಗೆ ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ ಸೇರಿಸಿ, ನೀರು ಹಾಕಿ ತುಳಿದು, ಒಂದು ವಾರವಾದರೂ ಕೊಳೆಯಲು ಬಿಡಿ. ಗೋಡೆಯ ಮೇಲೆ ಎರಡಡಿ ಚೌಕ ಮೆತ್ತಿ, ಒಣಗಿದ ಮೇಲೆ ನೋಡಿ. ಬಿರುಕು ಬಿಟ್ಟರೆ ಮರಳು, ಹುಲ್ಲು ಜಾಸ್ತಿ ಮಾಡಿ. ಮುಟ್ಟಿದರೆ ಉದುರಿದರೆ ಜೇಡಿ ಜಾಸ್ತಿ ಮಾಡಿ. ಮೆತ್ತುವ ಮುಂಚೆ ಗೋಡೆಗೆ ನೀರು ಚಿಮುಕಿಸುವುದನ್ನು ಮರೆಯಬೇಡಿ. ಇದು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ಕೂಲಿಯಲ್ಲಿ ದೊಡ್ಡ ಮೊತ್ತ ಉಳಿಯುವುದು ಇಲ್ಲೇ.

ಮಳೆ ಹೊಡೆಯುವ ಕಡೆಯ ಹೊರಗೋಡೆಗೆ ಮಾತ್ರ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ಹಚ್ಚಿಸಿ. ಸುಟ್ಟ ಸುಣ್ಣವನ್ನು ಮನೆಯಲ್ಲೇ ಅರಳಿಸುವುದಾದರೆ ನೀರಿಗೆ ಸುಣ್ಣ ಹಾಕಿ, ಸುಣ್ಣದ ಮೇಲೆ ನೀರು ಸುರಿಯಬೇಡಿ. ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರ ಇರಲಿ. ಒಳಗೂ ಹೊರಗೂ ಕೊನೆಗೆ ತೆಳುವಾಗಿ ಮೂರು ಸಲ ಸುಣ್ಣ ಬಳಿಯಿರಿ. ದಪ್ಪಗೆ ಒಂದೇ ಸಲ ಬಳಿದರೆ ಉದುರುತ್ತದೆ. ಪ್ಲಾಸ್ಟಿಕ್ ಪೇಂಟು ಬೇಡ, ಕಾರಣ ಮೇಲೆ ಹೇಳಿದ್ದೇ.

ಒಂದು ಗೋಡೆ ಪೂರ್ತಿ ಹೊಸದಾಗಿ ಕಟ್ಟಬೇಕಾದರೆ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಯೋಚಿಸಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಈ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದೆ. ಅವರ ವಿಸ್ತರಣಾ ಕೇಂದ್ರ ಇದ್ದದ್ದು ನಮ್ಮದೇ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಮರಳು ಬೆರೆತ ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೆರಳಲ್ಲಿ ನೀರು ಚಿಮುಕಿಸಿದರೆ ಇಟ್ಟಿಗೆ ಸಿದ್ಧ. ಸುಡಬೇಕಾಗಿಲ್ಲ.

ಗೆದ್ದಲಿಗೆ ಒಂದು ಮಾತು. ಗೋಡೆಯ ಬುಡದುದ್ದಕ್ಕೂ ನೆಲದಲ್ಲಿ ಅಡಿಗೊಂದು ತೂತು ಮಾಡಿ ಔಷಧಿ ಹಾಕಿಸಬಹುದು. ಇಮಿಡಾಕ್ಲೋಪ್ರಿಡ್ 30.5 ಶೇಕಡಾದ್ದಾದರೆ ಲೀಟರ್ ನೀರಿಗೆ 2.1 ಮಿ.ಲೀ. ಸಾಕು. ಬಾವಿ, ಸಂಪು ಹತ್ತಿರ ಇದ್ದರೆ ಆ ಕಡೆ ಹಾಕಲೇಬೇಡಿ.

ನೆಲ

ಸಗಣಿ ಸಾರಿಸಿದ ನೆಲ ಬೇಡವೆಂದರೆ ಕಡಪ ಕಲ್ಲು ನಮ್ಮ ಕಡೆಗೆ ಒಳ್ಳೆಯದು. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಸಾಗಣೆ ಖರ್ಚೂ ಕಡಿಮೆ. ಒಡೆದ ಹೆಂಚು, ಕಲ್ಲುಚೂರು ಹಾಸಿ ದಮ್ಮಸು ಮಾಡಿ, ಮೇಲೆ ಮರಳು ಹರಡಿ ಕಲ್ಲು ಕೂರಿಸಿ, ಸಂದಿಗೆ ಸುಣ್ಣದ ಗಾರೆ ತುಂಬಿ. ನೆಲವನ್ನೆಲ್ಲ ಸಿಮೆಂಟಿನಿಂದ ಬಿಗಿಯಾಗಿ ಮುಚ್ಚಿದರೆ ಕೆಳಗಿನ ತೇವ ಗೋಡೆಯ ಕಡೆ ಸರಿಯುತ್ತದೆ. ಕೆಂಪು ಗಾರೆಯ ನೆಲದ ಆಸೆ ಇದ್ದರೆ ಪಾಯ ಎತ್ತರ ಇರುವ, ಒಣಗಿದ ಕೋಣೆಯಲ್ಲಿ ಮಾತ್ರ ಮಾಡಿಸಿ. ಅದನ್ನು ತಿಕ್ಕಿ ಹೊಳಪು ತರಬಲ್ಲ ಹಳೇ ಗಾರೆಯವರು ಸಿಕ್ಕರೆ ಮಾತ್ರ.

ಶೌಚಾಲಯ ಮತ್ತು ನೀರು

ಬಚ್ಚಲು, ಶೌಚಾಲಯ ಮಣ್ಣಿನ ಗೋಡೆಗೆ ಅಂಟಿಕೊಂಡು ಬೇಡ. ಹಿತ್ತಲಲ್ಲಿ ಬೇರೆಯಾಗಿ, ಇಟ್ಟಿಗೆ ಸಿಮೆಂಟಿನಲ್ಲಿ ಕಟ್ಟಿಸಿ. ಸೆಪ್ಟಿಕ್ ಟ್ಯಾಂಕಿಗಿಂತ ಜೋಡಿ ಗುಂಡಿ ಕಡಿಮೆ ಖರ್ಚಿನದು. ಒಂದೊಂದು ಗುಂಡಿ ಒಳಗೆ ಒಂದು ಮೀಟರ್ ಅಗಲ, ನಾಲ್ಕಡಿ ಆಳ. ಗೋಡೆಯಲ್ಲಿ ನೀರು ಇಂಗಲು ಸಂದಿ ಬಿಟ್ಟು ಇಟ್ಟಿಗೆ ಜೋಡಿಸಬೇಕು. ಎರಡು ಗುಂಡಿಯ ನಡುವೆ ಕನಿಷ್ಠ ಒಂದು ಮೀಟರ್, ಬಾವಿಯಿಂದ ಹತ್ತು ಮೀಟರ್ ದೂರ. ಒಂದು ಗುಂಡಿ ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಚ್ಚಿಟ್ಟರೆ ಗೊಬ್ಬರವಾಗಿರುತ್ತದೆ. ಸ್ನಾನದ ನೀರು, ಪಾತ್ರೆ ತೊಳೆದ ನೀರು ಇದಕ್ಕೆ ಬಿಡಬೇಡಿ, ಬಾಳೆಗೋ ತೆಂಗಿಗೋ ಹೋಗಲಿ. ಶೌಚಾಲಯ ಇಲ್ಲದ ಅರ್ಹ ಕುಟುಂಬಕ್ಕೆ ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯಲ್ಲಿ 12,000 ರೂಪಾಯಿ ಸಿಗುತ್ತದೆ. ಕಟ್ಟುವ ಮುಂಚೆಯೇ ಪಂಚಾಯಿತಿಯಲ್ಲಿ ಅರ್ಜಿ ಕೊಡಿ.

ಪಾವಗಡ, ಶಿರಾ, ಮಧುಗಿರಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ನೀರು ಪರೀಕ್ಷೆ ಮಾಡಿಸಿ. ಊರಿನ ಶುದ್ಧ ನೀರಿನ ಘಟಕ ಇದ್ದರೆ ಕುಡಿಯಲು, ಅಡುಗೆಗೆ ಅದನ್ನೇ ಬಳಸಿ. ಮಳೆನೀರು ಹಿಡಿಯುವುದು ಇನ್ನೂ ಒಳ್ಳೆಯದು. 550 ಚದರಡಿ ಮಾಡಿನ ಅಡಿಗೆ 400 ಚದರಡಿ ಮನೆ ಇದೆ ಅಂದುಕೊಳ್ಳಿ. ಸೂರು ಸೇರಿ ನೇರಕ್ಕೆ ಅಳೆದರೆ 45 ಚದರ ಮೀಟರ್ ಆಗುತ್ತದೆ. ವರ್ಷಕ್ಕೆ 600 ಮಿ.ಮೀ. ಮಳೆ ಬಂದರೆ, ಪೋಲಾಗುವುದನ್ನು ಕಳೆದು ಸುಮಾರು 21,000 ಲೀಟರ್ ಸಿಗುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಬಟ್ಟೆ, ಇದ್ದಿಲು, ಮರಳಿನಲ್ಲಿ ಸೋಸಿ ಮುಚ್ಚಿದ ತೊಟ್ಟಿಗೆ ತುಂಬಿ.

ಕರೆಂಟು

ಹಳೇ ವೈರು ಒಂದೂ ಉಳಿಸಬೇಡಿ. ದೀಪ, ಫ್ಯಾನಿಗೆ 1.5, ಸಾಕೆಟ್ಟಿಗೆ 2.5, ಗೀಸರ್‌ಗೆ 4 ಚದರ ಮಿ.ಮೀ. ತಾಮ್ರದ ವೈರು. ಮಣ್ಣಿನ ಗೋಡೆ ಕೊರೆಯಬೇಡಿ, ಮೇಲೆಯೇ ಕೇಸಿಂಗ್ ಪಟ್ಟಿಯಲ್ಲಿ ಎಳೆಸಿ. ಮಾಡಿನ ಕೆಳಗೆ ಹಾದುಹೋಗುವುದು ಪೈಪಿನೊಳಗೇ ಇರಲಿ, ಇಲಿ ಕಡಿಯುತ್ತದೆ. ಹೊಸ ಅರ್ತಿಂಗ್ ಗುಂಡಿ, ಎಂಸಿಬಿ (ಲೋಡು ಜಾಸ್ತಿಯಾದರೆ ಕರೆಂಟು ಕಡಿಯುವ ಸ್ವಿಚ್ಚು), 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು) ಈ ಮೂರಕ್ಕೆ ಖರ್ಚು ಮಾಡಲೇಬೇಕು. ಒದ್ದೆಯಾಗುವ ಮನೆಯಲ್ಲಿ ಜೀವ ಉಳಿಸುವುದು ಅದೇ. ಕರೆಂಟು ಮೀಟರಿನ ಆರ್‌ಆರ್ ನಂಬರಿನ ಹಳೇ ಬಾಕಿಯನ್ನು ನೋಂದಣಿಗೆ ಮುಂಚೆ ಮಾರುವವರಿಂದಲೇ ಕಟ್ಟಿಸಿ, ಆಮೇಲೆ ಬೆಸ್ಕಾಂನಲ್ಲಿ ಹೆಸರು ಬದಲಾಯಿಸಿಕೊಳ್ಳಿ.

ಅಡುಗೆಮನೆ, ಬಾಗಿಲು

ಸೌದೆ ಒಲೆ ಇಟ್ಟುಕೊಳ್ಳುವವರು ಮೇಲೆ ಹೇಳಿದ ಅಸ್ತ್ರ ಕೇಂದ್ರದ, ಹೊಗೆ ಕೊಳವೆ ಇರುವ ಅಸ್ತ್ರ ಒಲೆ ಹಾಕಿಸಿ. ಸೌದೆಯೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ. ಕೊಳವೆ ಮಾಡು ದಾಟುವ ಜಾಗದಲ್ಲಿ ಮರಕ್ಕೂ ಕೊಳವೆಗೂ ನಡುವೆ ಜಾಗ ಬಿಟ್ಟು ತಗಡು ಕೊಡಿಸಿ. ಬಾಗಿಲು ಕಿಟಕಿಗೆ ಹೊಸ ಮರ ಬೇಡ. ಹಳೇ ಚೌಕಟ್ಟನ್ನು ಕೆರೆದು, ಎಣ್ಣೆ ಬಳಿದು, ಕೀಲು ಬದಲಾಯಿಸಿದರೆ ಸಾಕು.

ಮೇಸ್ತ್ರಿಯ ಜೊತೆ ವ್ಯವಹಾರ

ಮಾಡಿಗೆ ಬಡಗಿಯನ್ನು ದಿನಗೂಲಿಗೇ ಕರೆಯಿರಿ. ಗುತ್ತಿಗೆ ಕೊಟ್ಟರೆ ಕೊಳೆತ ತುದಿಯನ್ನೂ ಮುಚ್ಚಿ ಮುಂದೆ ಹೋಗುವ ಆತುರ ಬರುತ್ತದೆ. ಶೌಚಾಲಯ, ಕಲ್ಲುಹಾಸು ಗುತ್ತಿಗೆಗೆ ಕೊಡಬಹುದು, ಅಲ್ಲಿ ಅಳತೆ ಖಚಿತ. ಮಣ್ಣಿನ ಕೆಲಸ ಬಲ್ಲ ಹಿರಿಯರು ಊರಲ್ಲಿ ಒಬ್ಬರಾದರೂ ಇರುತ್ತಾರೆ. ವಯಸ್ಸಾಗಿ ಕರಣೆ ಹಿಡಿಯಲು ಆಗದಿದ್ದರೂ ಕೂತು ಹೇಳಿಕೊಡಲು ಕರೆಯಿರಿ, ಅವರಿಗೂ ದಿನದ ಕೂಲಿ ಕೊಡಿ. "ಈ ಹದ ಸಾಕು ಕಣಪ್ಪ" ಅಂತ ಅವರು ಹೇಳುವ ಒಂದು ಮಾತಿಗೆ ಅಷ್ಟು ಬೆಲೆ ಇದೆ.

ಸೇರಿದ ಮೇಲೆ

ಮೊದಲ ವರ್ಷ ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಗೆರೆ ದಾಟಿ ಬೆಳೆದರೆ ಪಾಯ ತೋಡಿ ನೋಡಬೇಕು. ವರ್ಷಕ್ಕೊಮ್ಮೆ ಯುಗಾದಿ ಆದ ಮೇಲೆ ಮಾಡು ಹತ್ತಿಸಿ ಜಾರಿದ ಹೆಂಚು ಸರಿ ಮಾಡಿಸಿ, ದೋಣಿಯ ತರಗೆಲೆ ತೆಗೆಯಿರಿ, ಗೋಡೆಯ ಬುಡದಲ್ಲಿ ಗೆದ್ದಲಿನ ಗೆರೆ ಹುಡುಕಿ, ಹೊರಗೋಡೆಗೆ ಸುಣ್ಣ ಬಳಿಯಿರಿ. ಬದಲಿಗೆ ಹಾಕಲು ಐವತ್ತು ಹೆಂಚು ಹಿತ್ತಲಲ್ಲಿ ಪೇರಿಸಿಟ್ಟಿರಿ. ಕೋತಿಗಳು ಓಡಾಡುವ ಊರಾದರೆ ನೂರು.